ಬೂದಿ ಗಿಡಕ್ಕೊಂದು ಹೆಣ್ಣು

ನಮ್ಮೂರಿನ ಓಕ್ ಮರಕ್ಕೆ ಮದುವೆ ಮಾಡಬೇಕೆಂದು ಮೊದಲು ಹೇಳಿದವಳು ಗುರುಬಸವ್ವ. ಹೌದು ಹೌದು ಎಂದು ಮೊದಲು ತಲೆಯಾಡಿಸಿದವಳು ನನ್ನ ತಾಯಿ. ಅದು ಓಕ್ ಮರವೆಂದು ಊರಿಗೆಲ್ಲ ಸಾರಿದವಳು ನಾನು, ರಾಮದುರ್ಗದ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವ ಪದ್ಮಜಾ. ನಾನು ಬಾಯಿ ಮುಚ್ಚಿಕೊಂಡಿದ್ದರೆ ಅದು ಇನ್ನೂ ನೂರು ವರ್ಷ ಬ್ರಹ್ಮಚಾರಿಯಾಗಿ ನೆಮ್ಮದಿಯಿಂದ ಇರುತ್ತಿತ್ತು.

ನಮ್ಮೂರು ಸಾಲಹಳ್ಳಿಯಿಂದ ಸ್ವಲ್ಪ ಆಚೆ. ಊರು ಶುರುವಾಗುವಲ್ಲೇ ಇನಾಮದಾರರ ತೋಟ. ಈಗ ಇನಾಮದಾರರೂ ಇಲ್ಲ, ಇನಾಮೂ ಇಲ್ಲ. ಕಲ್ಲಿನ ಕಮಾನು, ಮೆಟ್ಟಿಲು ಬಾವಿ, ಒಡೆದ ಕಾರಂಜಿ ಮತ್ತು ಆ ಮರ ಉಳಿದಿವೆ. ಹಿಂದೆ ಇನಾಮದಾರರೊಬ್ಬರು ದಮ್ಮಿನ ಉಪಚಾರಕ್ಕೆಂದು ಹಿಮಾಲಯದ ಕಡೆಯ ಯಾವುದೋ ತಂಪು ಊರಿಗೆ ಹೋಗಿದ್ದರಂತೆ. ಬರುವಾಗ ತುಪ್ಪದ ಡಬ್ಬಿಯಲ್ಲಿ ಮಣ್ಣು ತುಂಬಿ ಈ ಸಸಿ ತಂದರಂತೆ. ದಮ್ಮು ಅವರನ್ನು ಬಿಡಲಿಲ್ಲ, ಸಸಿ ನಮ್ಮ ಎರೆ ಮಣ್ಣನ್ನು ಬಿಡಲಿಲ್ಲ. ಎಲೆಯ ಬೆನ್ನು ಬೂದಿ ಬಳಿದಂತೆ ಬೆಳ್ಳಗಿರುವುದರಿಂದ ಊರವರು ಅದನ್ನು ಬೂದಿ ಗಿಡ ಎಂದರು. ನಮ್ಮ ಕಡೆ ಎಷ್ಟು ದೊಡ್ಡ ಮರವಾದರೂ ಅದು ಗಿಡವೇ.

ಅದರ ಕೆಳಗೆ ಎಮ್ಮೆ ಕಟ್ಟುತ್ತಿದ್ದರು, ಇಸ್ಪೀಟು ಆಡುತ್ತಿದ್ದರು. ಟೊಪ್ಪಿಗೆ ಹಾಕಿಕೊಂಡಂತಿರುವ ಅದರ ಕಾಯಿಗಳನ್ನು ಹುಡುಗರು ಗೋಲಿ ಮಾಡಿಕೊಳ್ಳುತ್ತಿದ್ದರು. ಅದಕ್ಕೆ ಏನಾದರೂ ಒಳ್ಳೆಯದು ಮಾಡಬೇಕೆಂದು ಯಾರಿಗೂ ಅನಿಸಿರಲಿಲ್ಲ. ಅದು ಅಷ್ಟು ವರ್ಷ ಬದುಕಿದ್ದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ಬಯಲುಸೀಮೆಯ ಈ ಬಿಸಿಲಿನಲ್ಲಿ ಓಕ್ ಬದುಕುವುದೇ ಅಪರೂಪ. ನಾನು ಎಲೆ, ಹೂವು, ಕಾಯಿಗಳನ್ನು ತಜ್ಞರಿಗೆ ಕಳಿಸಿ, ಇಲಾಖೆಯ ಮೆಟ್ಟಿಲು ಹತ್ತಿ ಇಳಿದು, ಅದನ್ನು ಪಾರಂಪರಿಕ ಮರ ಎಂದು ಘೋಷಣೆ ಮಾಡಿಸಿದೆ. ಹಸಿರು ಫಲಕ ಬಂತು. ಅದರ ಮೇಲಿನ ಬರಹವೂ ನನ್ನದೇ: “ಇಡೀ ಸೀಮೆಯಲ್ಲಿ ಈ ಕುಲದ ಮರ ಇದೊಂದೇ. ನೂರಕ್ಕೂ ಹೆಚ್ಚು ವರ್ಷಗಳಿಂದ ಇಲ್ಲಿ ಒಂಟಿಯಾಗಿ ನಿಂತಿದೆ.” ಬರೆಯುವಾಗ ‘ಒಂಟಿಯಾಗಿ’ ಎಂಬ ಮಾತು ನನಗೆ ಬಹಳ ಹಿಡಿಸಿತ್ತು. ನಲವತ್ತು ದಾಟಿದರೂ ಮದುವೆಯಾಗದ ಹೆಂಗಸಿನ ಕೈಗೆ ಬೋರ್ಡು ಬರೆಯಲು ಕೊಟ್ಟರೆ ಹೀಗೇ ಆಗುತ್ತದೆ ಎಂದು ಆಮೇಲೆ ನನ್ನ ಕಾಕಾ ನಕ್ಕ.

ಗುರುಬಸವ್ವ ಕಲಿತದ್ದು ನಾಲ್ಕನೇ ಇಯತ್ತೆ. ಆದರೆ ಆ ಫಲಕವನ್ನು ಅವಳಷ್ಟು ಮನಸ್ಸಿಟ್ಟು ಓದಿದವರು ಊರಲ್ಲಿ ಇನ್ನೊಬ್ಬರಿಲ್ಲ. ಅವಳ ಮಗ ಬಾಳುವಿಗೆ ಮೂವತ್ತೈದರ ಆಸುಪಾಸು. ನೀರಾವರಿ ಹೊಲ ಇದೆ, ಟ್ರ್ಯಾಕ್ಟರ್ ಇದೆ, ಚಟಗಳಿಲ್ಲ. ಹೆಣ್ಣು ಮಾತ್ರ ಸಿಕ್ಕಿಲ್ಲ. ರೈತರೇ ರೈತರಿಗೆ ಹೆಣ್ಣು ಕೊಡದ ಕಾಲ ಇದು. ನಮ್ಮೂರಲ್ಲಿ ಬಾಳುವಿನಂಥವರು ಒಂದು ಕ್ರಿಕೆಟ್ ತಂಡಕ್ಕೆ ಆಗುವಷ್ಟಿದ್ದಾರೆ, ಮೇಲೆ ಅಂಪೈರ್ ಕೂಡ ಸಿಗುತ್ತಾನೆ. ಅವರ ತಾಯಂದಿರು ಹೋಗದ ದೇವರಿಲ್ಲ, ಕೇಳದ ದಲ್ಲಾಳಿ ಇಲ್ಲ.

ಒಂದು ಮುಂಜಾನೆ ಗುರುಬಸವ್ವ ನಮ್ಮ ಪಡಸಾಲೆಗೆ ಬಂದು ಆಯಿಯ ಎದುರು ಕುಳಿತಳು. ಆಯಿ ಅಂದರೆ ನನ್ನ ತಾಯಿ, ಕಮಲಾಬಾಯಿ.

“ಬಾಯಾರ, ಈಗ ತಿಳೀತ್ ನೋಡ್ರಿ ನನಗ,” ಎಂದಳು. “ಊರಾಗ ಹಿರಿಯಾವ ಒಬ್ಬ ನೂರು ವರ್ಸದಿಂದ ಹಂಗಽ ನಿಂತಾನ. ಹಿರಿಯಾವನ ಮದುವಿ ಆಗೂತನಕಾ ಸಣ್ಣವರಿಗೆ ಹೆಣ್ಣ ಹ್ಯಾಂಗ ಬರ್ತಾವ? ಅವಾ ದಾರಿ ಬಿಡಬೇಕಲ್ಲ.”

“ಯಾರ ಬಗ್ಗೆ ಹೇಳ್ಳಿಕ್ಕೆ ಹತ್ತೀ?” ಎಂದು ನಾನು ಕೇಳಿದೆ.

“ನಿಮ್ಮ ಬೂದಿ ಗಿಡದ ಬಗ್ಗೆ ರೀ ಅಕ್ಕಾರ. ನೀವಽ ಬೋರ್ಡಿನ ಮ್ಯಾಲ ಬರಸೀರಲ್ಲ, ಒಂಟಿ ಅದಾನ ಅಂತ.”

ನಾನು ನಗಬೇಕೆಂದುಕೊಂಡೆ. ಅಷ್ಟರಲ್ಲಿ ಆಯಿ, “ಖರೆ ಅದ ಗುರುಬಸವ್ವ. ಹಿರೇರು ದಾರಿಗೆ ಅಡ್ಡ ನಿಂತ್ರ ಮುಂದಿನವರದು ನಡೀಯೂದಿಲ್ಲ,” ಎಂದು ನನ್ನ ಕಡೆ ನೋಡಿದಳು. ನಾನು ಅವಳ ಒಬ್ಬಳೇ ಮಗಳು. ನನ್ನ ಹಿಂದೆ ಸರದಿಯಲ್ಲಿ ಯಾರೂ ಇಲ್ಲ. ಆದರೂ ನೋಡಿದಳು.

ಈ ನೋಟದ ಹಿಂದಿನ ಕಥೆಯನ್ನು ಇಲ್ಲೇ ಹೇಳಿಬಿಡುತ್ತೇನೆ. ಹದಿನಾರು ವರ್ಷದ ಹಿಂದೆ ನಮ್ಮ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಿದ್ದ ವೀರಪ್ಪ ಎಂಬವನನ್ನು ನಾನು ಮನೆಗೆ ಕರೆದುಕೊಂಡು ಬಂದಿದ್ದೆ. ಮುರಗೋಡದವನು, ನಮ್ಮ ಜಾತಿಯವನಲ್ಲ. ಆಯಿ ಅವನಿಗೆ ಅವಲಕ್ಕಿ ಕೊಟ್ಟಳು, ಚಹಾ ಕೊಟ್ಟಳು, ತಾಯಿ ತಂದೆಯ ಸಮಾಚಾರ ಕೇಳಿದಳು. ಅವನು ಚಹಾ ಕುಡಿದು, ಯಾರೂ ಹೇಳದೆ, ಕಪ್ಪನ್ನು ತಾನೇ ಹಿತ್ತಿಲಿಗೆ ಒಯ್ದು ತೊಳೆದು ಕಟ್ಟೆಯ ಮೇಲೆ ಬೋರಲು ಹಾಕಿ ಹೋದ. ಅವನು ಹೋದ ಮೇಲೆ ಆಯಿ ಅಂದದ್ದು ಒಂದೇ ಮಾತು: “ಹುಡುಗ ಚಲೋ ಇದ್ದಾನ. ಆದ್ರ ನಮ್ಮದಲ್ಲದ್ದು ಎಷ್ಟು ಚಲೋ ಇದ್ರೂ ನಮ್ಮದಾಗೂದಿಲ್ಲ.” ನಾನು ಅತ್ತೆ, ಜಗಳವಾಡಿದೆ, ಊಟ ಬಿಟ್ಟೆ. ಅಪ್ಪ ತೀರಿಕೊಂಡು ವರ್ಷವಾಗಿರಲಿಲ್ಲ. ಅವಳನ್ನು ಬಿಟ್ಟು ಹೋಗಲು ಧೈರ್ಯ ಬರಲಿಲ್ಲ. ವೀರಪ್ಪ ಬೈಲಹೊಂಗಲಕ್ಕೆ ವರ್ಗವಾಗಿ ಹೋದ. ಅಲ್ಲೇ ಮದುವೆಯಾಗಿ ಮಕ್ಕಳನ್ನು ಸಾಲೆಗೆ ಕಳಿಸುತ್ತ ಸುಖವಾಗಿದ್ದಾನೆ. ಆಮೇಲೆ ಆಯಿ ತೋರಿಸಿದ ‘ನಮ್ಮ’ ವರಗಳನ್ನೆಲ್ಲ ನಾನು ಬೇಡವೆಂದೆ. ಹಾಗೆ ಅವಳೂ ಗೆಲ್ಲಲಿಲ್ಲ, ನಾನೂ ಗೆಲ್ಲಲಿಲ್ಲ.

ಮರದ ಮದುವೆಯ ಮಾತಿಗೆ ಬರುತ್ತೇನೆ. ಅರಳಿಗೂ ಬೇವಿಗೂ ಮದುವೆ ಮಾಡಿ ಸುತ್ತ ಕಟ್ಟೆ ಕಟ್ಟುವುದು ನಮ್ಮ ಕಡೆ ಹೊಸದಲ್ಲ. ಹಾಗಾಗಿ ಬೂದಿ ಗಿಡಕ್ಕೂ ಬೇವಿನ ಸಸಿಯೇ ಹೆಣ್ಣು ಎಂದು ಒಂದೇ ದಿನದಲ್ಲಿ ನಿಶ್ಚಯವಾಯಿತು. ಬಾಳುವಿಗೆ ಅಷ್ಟು ವರ್ಷ ಹುಡುಕಿದರೂ ಸಿಗದ ಹೆಣ್ಣು ಮರಕ್ಕೆ ಮಧ್ಯಾಹ್ನದೊಳಗೆ ಸಿಕ್ಕಿತು. ಉಳಿದದ್ದು ವರನ ಗೋತ್ರ. ಅದಕ್ಕೆ ನನ್ನ ತಂದೆಯ ತಮ್ಮ ಬಾಳಕೃಷ್ಣ ಕಾಕಾನನ್ನು ಕೇಳಿದರು. ನಮ್ಮ ಮನೆಯಲ್ಲೇ ಇರುವ ಅವನದು ಊರಿನ ಪೌರೋಹಿತ್ಯ.

“ಗೋತ್ರ ಗೊತ್ತಿಲ್ಲದವರಿಗೆಲ್ಲ ಕಾಶ್ಯಪ ಗೋತ್ರ,” ಎಂದ ಕಾಕಾ, ಅಡಿಕೆ ಕತ್ತರಿಸುತ್ತ. “ನಡೀತದ.”

“ನಿನಗ ನಾಚಿಕಿ ಆಗೂದಿಲ್ಲೇನು ಕಾಕಾ?” ಎಂದು ನಾನು ಸಿಟ್ಟಿನಿಂದ ಕೇಳಿದೆ.

“ಪದ್ಮಾ, ನಾ ಜಾತಕ ಕೂಡಿಸಿ ಮಾಡಿದ ಮದುವಿ ಎಷ್ಟು ಮುರದಾವ ಅಂತ ನಿನಗ ಗೊತ್ತಿಲ್ಲ. ಇಲ್ಲಿ ಗಂಡ ಹೆಂಡ್ತಿ ಇಬ್ಬರೂ ಮಾತಾಡೂದಿಲ್ಲ, ಮನಿ ಬಿಟ್ಟು ಹೋಗೂದಿಲ್ಲ. ಇಂಥಾ ಚಲೋ ಜೋಡಿ ನನಗ ಇನ್ನೊಂದು ಸಿಗೂದಿಲ್ಲ.”

ಇಷ್ಟೇ ಆಗಿದ್ದರೆ ನಾನೂ ಅಕ್ಷತೆಯ ಅಕ್ಕಿಕಾಳು ಹಾಕಿ, ಗೋಧಿ ಹುಗ್ಗಿ ಉಂಡು ಬರುತ್ತಿದ್ದೆ. ಆದರೆ ಪಂಚಾಯಿತಿ ಸದಸ್ಯ ಶಟ್ಟೆಪ್ಪ ಉತ್ಸಾಹದ ಮನುಷ್ಯ. ಅವನಿಗೆ ಒಂದು ಕೆಲಸ ಸಿಕ್ಕರೆ ಅದರಲ್ಲಿ ಸಿಮೆಂಟು ಇರಲೇಬೇಕು. “ಮದುವಿ ಆದಮ್ಯಾಲ ಸಂಸಾರಕ್ಕ ಮನಿ ಬೇಕಲ್ರಿ,” ಎಂದು ಅವನು ಮರದ ಬುಡದ ಸುತ್ತ ಜೆಸಿಬಿಯಿಂದ ಅಗೆಸಿ, ಕಾಂಕ್ರೀಟು ಹಾಕಿ, ಮೇಲೆ ಹೊಳೆಯುವ ಫರಸಿಕಲ್ಲು ಕೂಡಿಸುವ ಯೋಜನೆ ಹಾಕಿದ. ಹೆಣ್ಣಿನ ಸಸಿ ಗಂಡಿನ ಕೈ ಹಿಡಿಯುವಷ್ಟು ಹತ್ತಿರ ಇರಬೇಕು, ಅಂದರೆ ಕಾಂಡಕ್ಕೆ ಎರಡು ಮೊಳದಲ್ಲಿ ಕುಣಿ ತೋಡಬೇಕು. ಆ ಮರದ ಬೇರುಗಳೆಲ್ಲ ಬಾವಿಯ ತೇವ ಹುಡುಕಿಕೊಂಡು ಮೇಲೆ ಮೇಲೇ ಹರಡಿವೆ. ಅಷ್ಟು ಹತ್ತಿರ ಜೆಸಿಬಿ ಬಾಯಿ ಹಾಕಿದರೆ ಅರ್ಧ ಬೇರು ಹೋಗುತ್ತದೆ. ಉಳಿದರ್ಧದ ಮೇಲೆ ಕಾಂಕ್ರೀಟು ಬಿದ್ದರೆ ಮರ ಎರಡು ಬೇಸಿಗೆ ಕಾಣುವುದಿಲ್ಲ. ಶಟ್ಟೆಪ್ಪನಿಗೆ ಇದನ್ನು ಹೇಳಿದೆ. “ಮದುವಿ ಆದಮ್ಯಾಲ ಎಲ್ಲಾರೂ ಸ್ವಲ್ಪ ಬಡವಾಗತಾರ್ರಿ ಅಕ್ಕಾರ,” ಎಂದು ಅವನು ನಕ್ಕ.

ಇಲಾಖೆಯ ಅಧಿಕಾರಿಗೆ ಫೋನು ಮಾಡಿದೆ. ಅವರು ಪೂರಾ ಕೇಳಿಸಿಕೊಂಡು, ಕಾಗದ ತಿರುವಿ ಹಾಕುವ ಸಪ್ಪಳ ಮಾಡಿ, “ಮೇಡಂ, ಪಾರಂಪರಿಕ ಮರ ಕಡೀಬಾರದು ಅಂತ ನಿಯಮ ಇದೆ. ಮದುವೆ ಮಾಡಬಾರದು ಅಂತ ಎಲ್ಲೂ ಇಲ್ಲ,” ಎಂದರು. “ಜನರ ಸಹಭಾಗಿತ್ವ ಇರಬೇಕು ಅಂತ ನಾವೇ ಹೇಳ್ತೀವಲ್ಲ. ಫೋಟೋ ಇದ್ದರೆ ಕಳಿಸಿ.”

ಜೆಸಿಬಿ ಕಮಾನಿನ ಹತ್ತಿರ ಬಂದು ನಿಂತ ಸಂಜೆ ಮರದ ಕೆಳಗೆ ಊರಿನ ಸಭೆ ಸೇರಿತು. ಮರುದಿನ ಬೆಳಿಗ್ಗೆ ಅಗೆಯುವುದೆಂದು ಗೊತ್ತಾಗಿತ್ತು. ಹೆಂಗಸರು ಒಂದು ಕಡೆ, ಗಂಡಸರು ಒಂದು ಕಡೆ. ಬಾಳು ಟ್ರ್ಯಾಕ್ಟರಿನ ಮಡ್‌ಗಾರ್ಡ್ ಮೇಲೆ ಕುಳಿತು ಏನೋ ಹೇಳಬೇಕೆಂದವನಂತೆ ಆಗಾಗ ತಾಯಿಯ ಕಡೆ ನೋಡುತ್ತಿದ್ದ. ಆಗ ಅದು ನನ್ನ ಲಕ್ಷ್ಯಕ್ಕೆ ಬರಲಿಲ್ಲ. ನನಗೆ ಮರದ ಚಿಂತೆ.

ಮೊದಲು ಶಾಸ್ತ್ರ ಹೇಳಿದೆ. ನನ್ನ ಶಾಸ್ತ್ರ. “ಈ ಗಿಡದೊಳಗ ಗಂಡು ಹೂವು, ಹೆಣ್ಣು ಹೂವು ಎರಡೂ ಬಿಡ್ತಾವ. ಇದಕ್ಕ ಬ್ಯಾರೆ ಹೆಣ್ಣು ಹುಡುಕೂದು ಬೇಕಾಗಿಲ್ಲ,” ಎಂದೆ.

ಶಟ್ಟೆಪ್ಪ ಕೈ ಜೋಡಿಸಿದ. “ಅರ್ಧಾ ಗಂಡು, ಅರ್ಧಾ ಹೆಣ್ಣು ಶಿವನೂ ಅದಾನಲ್ರಿ ಅಕ್ಕಾರ. ಆದ್ರೂ ಪಾರ್ವತಿ ಕೂಡ ಲಗ್ನ ಆಗ್ಯಾನ.”

ಜನ ಭಕ್ತಿಯಿಂದ ತಲೆದೂಗಿದರು. ಶಿವನ ಲಗ್ನ ನನ್ನ ಎಂ.ಎಸ್ಸಿ. ಪಾಠದಲ್ಲಿ ಇರಲಿಲ್ಲ. ಬೇರಿನ ವಿಷಯ ಹೇಳಿದೆ, ಯಾರೂ ಕೇಳಲಿಲ್ಲ. ಇಲಾಖೆಯ ಹೆಸರು ಹೇಳಿದೆ, ಶಟ್ಟೆಪ್ಪ ಅಧಿಕಾರಿ ತನಗೂ ಫೋನು ಮಾಡಿ ಶುಭ ಹಾರೈಸಿದರೆಂದು ಹೇಳಿದ. ನನಗೆ ಅಳು ಬರುವಂತಾಯಿತು. ಅಷ್ಟು ಜನರ ನಡುವೆ ಆ ಮರದ ಪರವಾಗಿ ನಿಂತವಳು ನಾನೊಬ್ಬಳೇ, ಮತ್ತು ನನ್ನ ಹತ್ತಿರ ಅವರ ಮನಸ್ಸಿಗೆ ಹೋಗುವ ಮಾತು ಒಂದೂ ಇರಲಿಲ್ಲ.

ಒಂದು ಇತ್ತು. ಅದು ಬಾಯಿಗೆ ಬಂದಾಗ ನನಗೇ ಹೇಸಿಗೆಯಾಯಿತು.

“ಗುರುಬಸವ್ವ,” ಎಂದೆ, “ನಿಮ್ಮ ಬಾಳೂಗ ಬ್ಯಾರೆ ಜಾತಿ ಹೆಣ್ಣು ತರತೀರೇನು?”

ಅವಳು ಕಿವಿ ಮುಚ್ಚಿಕೊಂಡಳು. “ಏನ್ ಮಾತ್ರಿ ಅಕ್ಕಾರ. ನಾವು ಹಂಗೇನ ಕೆಟ್ಟಿಲ್ಲ.”

“ಮತ್ತ ಈ ಗಿಡಾ ಏನು ಪಾಪ ಮಾಡೇದ? ಇದು ಹಿಮಾಲಯದ ಕಡೇದು. ಇದರ ಮಂದಿ ಬ್ಯಾರೆ, ನಡಾವಳಿ ಬ್ಯಾರೆ. ಬೇವು ದೇವಿ ಗಿಡ ಖರೆ, ಆದ್ರ ಇದರ ಕುಲ ಅಲ್ಲ. ಎಲ್ಲಾರೂ ಬಲ್ಲವರಿದ್ದೀರಿ. ನಮ್ಮದಲ್ಲದ್ದು ಎಷ್ಟು ಚಲೋ ಇದ್ರೂ ನಮ್ಮದಾಗೂದಿಲ್ಲ.”

ನಾನು ಆ ಊರಲ್ಲಿ ಅಷ್ಟು ವರ್ಷ ಆಡಿದ ಮಾತುಗಳಲ್ಲಿ ಎಲ್ಲರಿಗೂ ಕೂಡಲೇ ತಿಳಿದದ್ದು ಅದೊಂದೇ. ಮೊದಲು ಹಿರಿಯರು ಹೌದೆಂದರು, ಆಮೇಲೆ ಹೆಂಗಸರು. “ಅಕ್ಕಾರ ಕಲತವರು, ಬರೋಬರಿ ಹೇಳಿದ್ರು,” ಎಂದ ಶಟ್ಟೆಪ್ಪ. “ಅದರ ಪೈಕಿ ಹೆಣ್ಣಽ ತರಬೇಕು.” ಸುಗ್ಗಿ ಮುಗಿದ ಮೇಲೆ ಯಾರಾದರೂ ಹಿಮಾಲಯಕ್ಕೆ ಹೋಗಿ ಓಕ್ ಸಸಿ ತರುವುದೆಂದು ತೀರ್ಮಾನವಾಯಿತು. ಸುಗ್ಗಿ ಮುಗಿದ ಮೇಲೆ ಎಂದರೆ ನಮ್ಮೂರಲ್ಲಿ ಎಂದಿಗೂ ಇಲ್ಲ ಎಂದೇ ಅರ್ಥ. ಗುರುಬಸವ್ವ ಕೂಡ ಕಣ್ಣೊರೆಸಿಕೊಂಡು ಒಪ್ಪಿದಳು. ಜೆಸಿಬಿ ತಿರುಗಿ ಹೋಯಿತು. ಬಾಳು ಯಾರಿಗೂ ಹೇಳದೆ ಟ್ರ್ಯಾಕ್ಟರಿನಿಂದ ಇಳಿದು, ಅದನ್ನು ಅಲ್ಲೇ ಬಿಟ್ಟು, ನಡೆದು ಹೋದ.

ಮನೆ ಮುಟ್ಟಿದ ಮೇಲೆ ಆಯಿ ಕಾಲು ತೊಳೆದು ಒಳಗೆ ಬಂದು, ಕಂಬ ಹಿಡಿದು ನಿಂತು, “ಆ ಮಾತು ನಂದಲ್ಲೇನು?” ಎಂದಳು.

“ಹೌದು.”

“ಮಂದಿ ಎಷ್ಟು ಲಗೂನ ಒಪ್ಪಿಬಿಟ್ರು,” ಎಂದಳು ಆಯಿ. ಆ ರಾತ್ರಿ ಊಟಕ್ಕೆ ಕುಳಿತಾಗಲೂ ಅವಳು ನನ್ನ ಮುಖ ನೋಡಲಿಲ್ಲ. ನಾನು ಮಾತ್ರ ಮರ ಉಳಿಯಿತೆಂದು ಎರಡು ರೊಟ್ಟಿ ಹೆಚ್ಚೇ ತಿಂದೆ.

ಕೆಲವು ದಿನ ಕಳೆದಿರಬೇಕು. ಒಂದು ಮುಂಜಾನೆ ಬಾಳು ನಮ್ಮ ಬಾಗಿಲಿಗೆ ಬಂದ. ಹೊಸ ಅಂಗಿ, ಕೆಂಪೇರಿದ ಕಣ್ಣು.

“ಅಕ್ಕಾರ, ನಿಮ್ಮ ಮಾತು ನಮ್ಮವ್ವ ನನಗ ತಿರುಗಿ ಹಚ್ಯಾಳ,” ಎಂದ.

ನಿಂತುಕೊಂಡೇ ಎಲ್ಲ ಹೇಳಿದ. ಉಗರಗೋಳದ ದವಾಖಾನೆಯಲ್ಲಿ ದುರ್ಗಾ ಎಂಬ ನರ್ಸ್ ಇದ್ದಾಳೆ. ಯಲ್ಲಮ್ಮನ ಗುಡ್ಡಕ್ಕೆ ಹೋದಾಗ ಅವನ ಕಾಲಿಗೆ ಗಾಯವಾಗಿ ಪರಿಚಯವಾದದ್ದು. ಗಾಯ ವಾರದಲ್ಲಿ ಮಾಯ್ದಿತ್ತು, ಅವನು ಮೂರು ವರ್ಷದಿಂದ ಪಟ್ಟಿ ಬದಲಿಸಲು ಹೋಗುತ್ತಿದ್ದಾನೆ. ಅವಳು ಬೇರೆ ಜಾತಿ. ತಾಯಿಗೆ ಹೇಳಲು ಧೈರ್ಯವಿಲ್ಲ. ಮರಕ್ಕೇ ಬೇರೆ ಕುಲದ ಹೆಣ್ಣು ತರುತ್ತಾರೆಂದರೆ ತನಗೂ ದಾರಿಯಾದೀತು ಎಂದು ಆ ಸಂಜೆ ಸಭೆಯಲ್ಲೇ ಬಾಯಿ ಬಿಡಬೇಕೆಂದು ಕುಳಿತಿದ್ದ. ಅಷ್ಟರಲ್ಲಿ ನಾನು ಎದ್ದು ನಿಂತು ಮಾತಾಡಿದೆ. ನಿನ್ನೆ ಇಬ್ಬರೂ ಸವದತ್ತಿಯಲ್ಲಿ ರಜಿಸ್ಟ್ರಿ ಮದುವೆಯಾಗಿ ಬಂದಿದ್ದಾರೆ. ಗುರುಬಸವ್ವ ಬಾಗಿಲು ಹಾಕಿಕೊಂಡಿದ್ದಾಳೆ. ದುರ್ಗಾ ಹೊರಗೆ ಕಟ್ಟೆಯ ಮೇಲೆ ಕುಳಿತಿದ್ದಾಳೆ.

ನಾನು ಚಪ್ಪಲಿ ಮೆಟ್ಟಿದೆ. ಆಯಿ ಅಡಿಗೆ ಮನೆಯಿಂದ ಸೆರಗಿಗೆ ಕೈ ಒರೆಸುತ್ತ ಬಂದು, ಯಾರೂ ಕರೆಯದೆ, ನಮ್ಮ ಜೊತೆ ಹೊರಟಳು.

ಗುರುಬಸವ್ವನ ಮನೆಯ ಮುಂದೆ ಅರ್ಧ ಊರು ನೆರೆದಿತ್ತು. ದುರ್ಗಾ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು, ಬಸ್ಸು ಕಾಯುವವಳ ಹಾಗೆ ಕುಳಿತಿದ್ದಳು. ನನ್ನ ದನಿ ಕೇಳಿ ಗುರುಬಸವ್ವ ಬಾಗಿಲು ತೆರೆದು ಹೊಸ್ತಿಲ ಮೇಲೆ ನಿಂತಳು. ಅವಳ ಕಣ್ಣೂ ಊದಿಕೊಂಡಿದ್ದವು.

“ನೀವಽ ಹೇಳೀರಲ್ರಿ ಅಕ್ಕಾರ, ಮಂದ್ಯಾಗ ನಿಂತು,” ಎಂದಳು. “ನಮ್ಮದಲ್ಲದ್ದು ನಮ್ಮದಾಗೂದಿಲ್ಲ ಅಂತ. ಒಂದು ಗಿಡಕ್ಕ ಆಗಲಾರದ್ದು ನನ್ನ ಮಗಗ ಹ್ಯಾಂಗ ಆಗತೈತಿ? ಹೇಳ್ರಿ.”

ಹೇಳುವುದು ಸುಲಭವಿತ್ತು. ಆದರೆ ಹೇಳಿದರೆ ಏನಾಗುತ್ತದೆಂದು ನನಗೂ ಗೊತ್ತಿತ್ತು, ಗುರುಬಸವ್ವನಿಗೂ ಗೊತ್ತಿತ್ತು. ಹಿಂದೆ ಗುಂಪಿನಲ್ಲಿ ಶಟ್ಟೆಪ್ಪ ನಿಂತಿದ್ದ. ಆ ಮರವನ್ನು ನಾನು ಚಿಕ್ಕಂದಿನಿಂದ ಕಂಡಿದ್ದೇನೆ. ವೀರಪ್ಪ ಹೋದ ವರ್ಷ ನಾನು ದಿನಾ ಸಂಜೆ ಹೋಗಿ ಕುಳಿತದ್ದು ಅದರ ಕೆಳಗೆ. ಊರಲ್ಲಿ ನನ್ನನ್ನು ಏನೂ ಕೇಳದೆ ಇದ್ದದ್ದು ಅದೊಂದೇ. ನನ್ನ ಮಾತು ಹಿಂದೆ ತೆಗೆದುಕೊಂಡರೆ ಅದರ ಬೇರಿನ ಮೇಲೆ ಜೆಸಿಬಿ ಬೀಳುತ್ತದೆ.

ದುರ್ಗಾ ನನ್ನನ್ನು ನೋಡುತ್ತಿದ್ದಳು. ಅವಳ ಪಕ್ಕದಲ್ಲಿ ಯಾರೋ ಕೊಟ್ಟ ಚಹಾದ ಲೋಟ ಇತ್ತು. ಖಾಲಿಯಾಗಿತ್ತು. ಅವಳು ಅದನ್ನು ಕೈಗೆ ತೆಗೆದುಕೊಂಡು, ತೊಳೆಯಲು ನೀರು ಎಲ್ಲಿದೆ ಎಂದು ಅತ್ತಿತ್ತ ಹುಡುಕುತ್ತಿದ್ದಳು.

“ನಾ ಅಂದದ್ದು ಸುಳ್ಳು,” ಎಂದೆ. “ಗಿಡಾ ಉಳಿಸಿಕೊಳ್ಳಿಕ್ಕೆ ಅಂದೆ. ಆ ಮಾತಿನೊಳಗ ಏನೂ ಹುರುಳಿಲ್ಲ. ಹೊರಗಿನದು ನಮ್ಮದು ಆಗ್ತದ. ಆ ಬೂದಿ ಗಿಡಾನಽ ನೋಡ್ರಿ, ಎಲ್ಲಿಂದ ಬಂದು ಎಲ್ಲಿ ನಿಂತದ.”

ಗುರುಬಸವ್ವ ಕಣ್ಣೊರೆಸಿಕೊಂಡು ಸ್ವಲ್ಪ ಯೋಚಿಸಿದಳು. ತಾಯಿಯಾಗಿ ಅವಳು ಅಳುತ್ತಿದ್ದಳು, ಆದರೆ ವ್ಯವಹಾರ ಬಿಟ್ಟಿರಲಿಲ್ಲ. “ಹಂಗಾದ್ರ ಬೇವಿನ ಕೂಡ ಅದರ ಮದುವಿ ಆಗಬೌದು?”

“ಆಗಬಹುದು.”

“ಜೆಸಿಬಿ ತರಸ್ತೇವಿ ಮತ್ತ. ಅಡ್ಡ ಬರಬಾರದು.”

“ಬರೂದಿಲ್ಲ,” ಎಂದೆ.

ಗುರುಬಸವ್ವ ಹೊಸ್ತಿಲಿಂದ ಪಕ್ಕಕ್ಕೆ ಸರಿದಳು. ಒಳಗೆ ಬಾ ಎನ್ನಲಿಲ್ಲ, ಬರಬೇಡ ಎಂದೂ ಅನ್ನಲಿಲ್ಲ. “ಹಿರಿಯಾವಂದು ಮೊದಲ ಆಗಲಿ. ಇವರ ಅಕ್ಕಿಕಾಳು ಅದರ ಮರುದಿವಸ,” ಎಂದು ಮಗನಿಗೆ ಕೇಳುವಂತೆ ಹೇಳಿದಳು. ದುರ್ಗಾ ಒಳಗೆ ಹೋದಳು, ಲೋಟ ಕೈಯಲ್ಲಿ ಹಿಡಿದುಕೊಂಡೇ.

ಮದುವೆಯ ದಿನ ತೋಟದ ಕಮಾನಿಗೆ ಮಾವಿನ ತೋರಣ ಕಟ್ಟಿದರು. ಹಂದರ ಹಾಕಿದರು. ಮರಕ್ಕೆ ಅರಿಷಿಣ ಹಚ್ಚಿ, ಕಾಂಡಕ್ಕೆ ಧೋತರ ಸುತ್ತಿ, ಏಣಿ ಹತ್ತಿ ಬಾಸಿಂಗ ಕಟ್ಟಿದರು. ಪಾರಂಪರಿಕ ಫಲಕ ಹೂವಿನ ಸರದ ಹಿಂದೆ ಮುಚ್ಚಿಹೋಯಿತು. ಜೆಸಿಬಿಗೂ ಕುಂಕುಮ ಹಚ್ಚಿ ನಿಂಬೆಹಣ್ಣು ಇಟ್ಟಿದ್ದರು. ಶಟ್ಟೆಪ್ಪ ಬುಡದ ಹತ್ತಿರ ಸುಣ್ಣದಿಂದ ಗೆರೆ ಎಳೆದು, ಜೆಸಿಬಿಯವನಿಗೆ ಕೈ ಮಾಡಿದ. ನಾನು ಬಾವಿಯ ಕಡೆ ಮುಖ ತಿರುಗಿಸಿ ನಿಂತೆ.

“ಅತ್ತೀ,” ಎಂದಿತು ಒಂದು ದನಿ. ದುರ್ಗಾ. ಸೆರಗು ತಲೆಯ ಮೇಲಿತ್ತು, ದನಿ ಮಾತ್ರ ದವಾಖಾನೆಯದು. “ಒಂದು ಕೇಳಲೇನ್ರಿ? ನನ್ನ ನೌಕರಿ ಉಗರಗೋಳದಾಗ ಐತಿ, ಇವರ ಹೊಲ ಇಲ್ಲಿ ಐತಿ. ನಾ ವಾರಕ್ಕ ಎರಡು ಸಲ ಬಸ್ಸಿಗೆ ಬರಾಕಿ. ಅಂದ್ರ ನಮ್ಮದು ಮದುವಿ ಅಲ್ಲೇನ್ರಿ?”

“ಈಗ ಅದ್ಯಾಕ?” ಎಂದಳು ಗುರುಬಸವ್ವ.

“ಗಂಡ ಹೆಂಡ್ತಿ ಒಂದಽ ಕುಣ್ಯಾಗ ಇರಬೇಕಂತ ಎಲ್ಲೈತ್ರಿ? ಬೇವನ್ನ ಕಾರಂಜಿ ಆಚೆ ಹಚ್ಚರಿ. ಗಾಳಿ ಬೀಸಿದ್ರ ಇದರ ಎಲಿ ಅಲ್ಲಿ ಹೋಗತಾವ, ಅದರ ಎಲಿ ಇಲ್ಲಿ ಬರತಾವ. ನೌಕರಿಯವರ ಸಂಸಾರ ಹಿಂಗಽ ಇರತೈತಿ.”

ಹೆಂಗಸರು ಸೆರಗು ಬಾಯಿಗೆ ಹಿಡಿದು ನಕ್ಕರು. ಗುರುಬಸವ್ವ ಸಿಟ್ಟು ಮಾಡಬೇಕೋ ಬೇಡವೋ ತಿಳಿಯದೆ ನಿಂತಳು. ಬಿಸಿಲು ಏರುತ್ತಿತ್ತು, ಕಾಕಾನಿಗೆ ಹಸಿವಾಗಿತ್ತು. “ಎಷ್ಟು ದೂರ ಅಂತ ಶಾಸ್ತ್ರದಾಗ ಎಲ್ಲೂ ಬರದಿಲ್ಲ,” ಎಂದು ಅವನು ಗಟ್ಟಿಯಾಗಿ ಹೇಳಿಬಿಟ್ಟ. ಜೆಸಿಬಿ ಕಾರಂಜಿಯ ಆಚೆ ಹೋಯಿತು. ಮರದ ಬೇರು ಅಲ್ಲಿಯವರೆಗೆ ಹೋಗಿಲ್ಲವೆಂದು ನನಗೆ ಗೊತ್ತಿತ್ತು. ತಂದ ಸಿಮೆಂಟು ಎಲ್ಲಾದರೂ ಸುರಿಯಲೇಬೇಕಲ್ಲ. ಶಟ್ಟೆಪ್ಪ ಅದನ್ನು ಒಡೆದ ಕಾರಂಜಿಗೆ ಹಾಕಿಸಿ ತನ್ನ ಹೆಸರು ಕೆತ್ತಿಸುವುದಾಗಿ ಹೇಳಿದ. ಕಾರಂಜಿಗೂ ಪಾರಂಪರಿಕ ಫಲಕ ಬರೆಸಿರಲಿಲ್ಲವಲ್ಲ ಎಂದು ನಾನು ದೇವರಿಗೆ ಕೈ ಮುಗಿದೆ.

“ವರನ ತಾಯಿ ಯಾರು ಕೂಡತೀರಿ?” ಎಂದು ಕಾಕಾ ಕೇಳಿದ.

“ಅಕ್ಕಾರಽ ಕೂಡಲಿ, ಅವರಽ ಜೋಪಾನ ಮಾಡ್ಯಾರ,” ಎಂದರು ಯಾರೋ. ಮದುವೆಯಾಗದವಳು ಹೇಗೆ ಕೂಡುತ್ತಾಳೆ ಎಂದರು ಇನ್ಯಾರೋ. ಆಯಿ ಕೂಡಲಿ ಎಂದರೆ ಅವಳು ಗಂಡ ಇಲ್ಲದವಳು. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. “ನನ್ನ ಮನಿಗೆ ಹೊರಗಿನಾಕಿ ಬಂದಾಳ, ನೀವಿನ್ನ ಅದನ್ನ ನೋಡತೀರೇನು?” ಎಂದು ಗದರಿ, ಗುರುಬಸವ್ವ ತಾನೇ ಆರತಿಯ ತಾಟು ತಂದು ಆಯಿಯ ಕೈಗೆ ಕೊಟ್ಟಳು.

ಬಾಳು ಹಸಿರು ಖಣ ಸುತ್ತಿದ ಬೇವಿನ ಸಸಿಯನ್ನು ಕೂಸನ್ನು ಎತ್ತಿಕೊಂಡ ಹಾಗೆ ತಂದು ಆಯಿಯ ಮುಂದೆ ನಿಂತ. ವರನ ತಾಯಿ ಆರತಿ ಎತ್ತಿ ಅದನ್ನು ಹಂದರದೊಳಗೆ ಕರೆಯಬೇಕು.

“ಬಾರವ್ವ,” ಎಂದಳು ಆಯಿ. “ನೀ ನಮ್ಮಾಕಿನಽ. ಒಳಗ...”

ಜನ ಕಾಯುತ್ತಿದ್ದರು. ಆಯಿ ಸಸಿಯನ್ನು ಬಿಟ್ಟು ನನ್ನ ಕಡೆ ತಿರುಗಿದಳು.

“ಪದ್ಮಾ, ಆ ಹುಡುಗ ಅವತ್ತ ಕಪ್ಪು ತಾನಽ ತೊಳದಿಟ್ಟಿದ್ನಲ್ಲ,” ಎಂದಳು. “ನಾ ನೋಡ್ಕೋತ ನಿಂತೆ. ಬಿಡಪ್ಪ ಅನ್ನಬೇಕಾಗಿತ್ತು. ಅನ್ನಲಿಲ್ಲ.”

ಹದಿನಾರು ವರ್ಷ ನಾನು ಅವಳಿಂದ ಬೇರೆ ಬೇರೆ ಮಾತು ಕಾದಿದ್ದೆ. ಈ ಮಾತು ಕಾದಿರಲಿಲ್ಲ. ಅವಳು ಅದನ್ನು ನೋಡಿದ್ದಾಳೆಂದೇ ನನಗೆ ಗೊತ್ತಿರಲಿಲ್ಲ.

“ಇರಲಿ ಬಿಡು ಆಯಿ,” ಎಂದೆ. “ಸೊಸಿ ಬಿಸಲಾಗ ನಿಂತಾಳ.”

ಆಯಿ ಆರತಿ ಎತ್ತಿದಳು. ಕಾಕಾ ಮಂತ್ರ ಹೇಳಿದ, ವಾಲಗದವರು ಊದಿದರು. ಎಲ್ಲರೂ ಅರ್ಧ ಅಕ್ಕಿಕಾಳು ಬೂದಿ ಗಿಡದ ಮೇಲೆ, ಅರ್ಧ ಬೇವಿನ ಮೇಲೆ ಹಾಕಿದರು. ನಾನು ನನ್ನ ಮುಷ್ಟಿಯಲ್ಲಿದ್ದಷ್ಟನ್ನೂ ಆಯಿಯ ತಲೆಯ ಮೇಲೆ ಹಾಕಿದೆ.